ಘಾಟು ಬಾರದ ಮೆಣಸಿನಕಾಯಿ

ದೆವ್ವ, ದೃಷ್ಟಿ, ಮಾಟ ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಇದಕ್ಕೆ ನನ್ನ ವೈಚಾರಿಕತೆಯೇ ಕಾರಣ ಎಂದರೆ ನನ್ನ ಹೆಂಡತಿ ಸುಮಾ ನಗುತ್ತಾಳೆ. ನಿಜವಾದ ಕಾರಣ ಬಿಡುವಿಲ್ಲದಿರುವುದು. ನಾನು ಹುಟ್ಟಿನಿಂದಲೇ ಚಿಂತೆಯ ಮನುಷ್ಯ. ಚಳಿಗಾಲದ ನಡುವೆ ಬಾಯ್ಲರ್ ಕೆಟ್ಟರೆ ಏನು ಗತಿ, ಕೆಲಸ ಹೋದರೆ ಏನು ಗತಿ, ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ, ಹಾಕಿದ ನೆನಪು ಇವತ್ತಿನದೋ ನಿನ್ನೆಯದೋ, ಇಷ್ಟನ್ನು ಮುಗಿಸುವ ಹೊತ್ತಿಗೆ ದಿನವೇ ಮುಗಿದಿರುತ್ತದೆ. ದೆವ್ವಗಳಿಗೆ ಸರದಿ ಬರುವುದೇ ಇಲ್ಲ. ಹಾಗಾಗಿ ಕೆಲವು ವರ್ಷಗಳ ಹಿಂದೆ ನಡೆದ ಈ ಸಂಗತಿಯನ್ನು ಬರೆಯಲು ನನಗೇ ಸ್ವಲ್ಪ ಸಂಕೋಚ. ನೀವು ನಂಬಲೇಬೇಕೆಂದು ಕೇಳುವುದಿಲ್ಲ. ಓದಿದ ಮೇಲೆ ನಿಮಗೇನಾದರೂ ಹೊಳೆದರೆ ನನಗೂ ಹೇಳಿ, ಅಷ್ಟೇ.

ನಾವಿರುವುದು ಲಂಡನ್ನಿನ ಹೌನ್ಸ್ಲೋದಲ್ಲಿ, ಒಂದು ಹಳೆಯ ಕಟ್ಟಡದ ನೆಲಮಹಡಿಯ ಫ್ಲ್ಯಾಟಿನಲ್ಲಿ. ವಿಮಾನಗಳು ಎಷ್ಟು ಕೆಳಗೆ ಹಾರುತ್ತವೆಂದರೆ ಮಾತಿನ ನಡುವೆ ನಿಲ್ಲಿಸಿ, ಅದು ದಾಟಿದ ಮೇಲೆ ಮುಂದುವರಿಸುವುದು ನಮ್ಮ ಮನೆಯ ಪದ್ಧತಿ. ನನ್ನ ಕೆಲಸ ಪಾರ್ಕ್ ರಾಯಲ್‌ನ ಒಂದು ಕಾರ್ಖಾನೆಯಲ್ಲಿ. ಅಲ್ಲಿ ಚಟ್ನಿ, ಸಾಸು, ಮಸಾಲೆಗಳನ್ನು ತಯಾರಿಸಿ ಅಂಗಡಿಗಳಿಗೆ ಕಳಿಸುತ್ತಾರೆ. ನಾನು ಗುಣಮಟ್ಟ ನೋಡುವವನು. ಹೆಸರು ದೊಡ್ಡದು, ಮಾಡುವುದು ಮೂಸುವುದು ಮತ್ತು ನೆಕ್ಕುವುದು. ಮೆಣಸಿನಕಾಯಿಯ ಮೂಟೆ ಬಿಚ್ಚಿದ ಕೂಡಲೇ ಅದು ಹಳೆಯದೋ ಹೊಸದೋ ನನ್ನ ಮೂಗಿಗೆ ತಿಳಿಯುತ್ತದೆ. ಈ ಮೂಗಿನಿಂದಲೇ ನಮ್ಮ ಸಂಸಾರ ನಡೆದಿದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ.

ಮಗಳು ಮೇಘಾ ಓದಲು ಆರಿಸಿಕೊಂಡದ್ದು ಕಿಂಗ್‌ಸ್ಟನ್. ನಮ್ಮ ಮನೆಯ ಹತ್ತಿರ ೨೮೧ನೇ ಬಸ್ಸು ಹತ್ತಿದರೆ ನೇರ ಅಲ್ಲಿಗೇ ಹೋಗಿ ಇಳಿಯಬಹುದು. ಮನೆಯಿಂದಲೇ ಓಡಾಡಬಹುದಲ್ಲ ಎಂದರೆ, 'ಅಪ್ಪಾ, ದಟ್ಸ್ ನಾಟ್ ದಿ ಪಾಯಿಂಟ್' ಎಂದಳು. ಪಾಯಿಂಟ್ ಏನೆಂದು ಅವಳನ್ನು ಬಿಡಲು ಹೋದ ದಿನ ಅರ್ಥವಾಯಿತು. ಹೆಸರಿಗೆ ಅದೂ ಲಂಡನ್ನೇ, ಆದರೆ ಊರಿಗೆ ಊರೇ ಹತ್ತೊಂಬತ್ತು ವರ್ಷದವರಿಗೆ ಬರೆದುಕೊಟ್ಟ ಹಾಗಿತ್ತು. ನದಿಯ ದಂಡೆಯ ಮೇಲೆ ಗುಂಪುಗುಂಪಾಗಿ ಹುಡುಗರು, ಮಾರ್ಕೆಟ್ಟಿನ ಚೌಕದಲ್ಲಿ ಗಿಟಾರು, ಒಂದರ ಮೇಲೊಂದು ಒರಗಿ ಬಿದ್ದಂತೆ ನಿಲ್ಲಿಸಿದ ಕೆಂಪು ಟೆಲಿಫೋನ್ ಡಬ್ಬಗಳ ಮುಂದೆ ಫೋಟೋ ತೆಗೆಸಿಕೊಳ್ಳುವವರ ಸಾಲು. ಮೇಘಾಳನ್ನೂ ಅಲ್ಲಿ ನಿಲ್ಲಿಸಿ ಒಂದು ಫೋಟೋ ತೆಗೆದೆ. ಚೆನ್ನಾಗಿ ಬಂದಿತ್ತು. ಕನ್ನಡ ಬಳಗದ ಗ್ರೂಪಿಗೆ ಹಾಕಿದೆ. ಹೆಬ್ಬೆರಳು, ಹೃದಯ, ಹೂವು ಎಲ್ಲ ಬಂದವು.

ಫೆಬ್ರವರಿ ಹೊತ್ತಿಗೆ ಅವಳಿಗೆ ನಿದ್ದೆ ಬಿಟ್ಟುಹೋಯಿತು. ಮೊದಲು ಓದಿನ ಒತ್ತಡ ಎಂದುಕೊಂಡೆವು. ಆಮೇಲೆ ಕ್ಲಾಸಿಗೆ ಹೋಗುವುದು ನಿಂತಿತು, ಊಟ ಕಡಿಮೆಯಾಯಿತು, ಫೋನಿನಲ್ಲಿ ಮಾತು 'ಹ್ಞೂಂ', 'ಫೈನ್' ಎಂಬಲ್ಲಿಗೆ ಇಳಿಯಿತು. ಜಿಪಿ, ಅಂದರೆ ಇಲ್ಲಿ ಮೊದಲು ನೋಡುವ ಡಾಕ್ಟರು, ರಕ್ತಪರೀಕ್ಷೆ ಮಾಡಿಸಿ ಎಲ್ಲ ಸರಿಯಿದೆ ಎಂದರು. ಆಪ್ತಸಲಹೆಗೆ ಹೆಸರು ಬರೆಸಿದ್ದೆವು, ಸರದಿ ಬಂದಿರಲಿಲ್ಲ. ನಾನು ಮಾಡುತ್ತಿದ್ದದ್ದು ಒಂದೇ. ಫೋನಿನ ನಕ್ಷೆಯಲ್ಲಿ ಅವಳಿರುವ ಜಾಗದಲ್ಲಿ ಒಂದು ನೀಲಿ ಚುಕ್ಕೆ ಕಾಣುತ್ತದಲ್ಲ, ಕಿಟಕಿಯ ಪಕ್ಕದ ನನ್ನ ಕುರ್ಚಿಯಲ್ಲಿ ಕೂತು ಅದನ್ನು ನೋಡುವುದು. ಚುಕ್ಕೆ ಹಾಸ್ಟೆಲ್ ರೂಮಿನಲ್ಲೇ ಇದ್ದರೆ ಯಾಕೆ ಹೊರಗೆ ಹೋಗಿಲ್ಲ ಎಂಬ ಚಿಂತೆ. ಹೊರಗಿದ್ದರೆ ಯಾಕೆ ಹೋದಳು ಎಂಬ ಚಿಂತೆ.

ಒಂದು ಗುರುವಾರ ಅವಳೇ ಫೋನ್ ಮಾಡಿದಳು. ಸೋಮವಾರ ಕಾಲೇಜು ಬಿಡುತ್ತೇನೆ ಎಂದಳು. ಸುಮಾ ಅತ್ತಳು, ಮಗಳು ರೇಗಿದಳು, ಕೊನೆಗೆ ಫೋನ್ ನನ್ನ ಕೈಗೆ ಬಂತು. 'ನೀನು ಬಾ ಅಪ್ಪಾ. ಅಮ್ಮ ಬೇಡ, ಶೀ ಕ್ರೈಸ್.' ಬಿಟ್ಟರೆ ಬಿಡಲಿ, ಓದೇನು ಮಹಾ. ನನ್ನನ್ನು ಹೆದರಿಸಿದ್ದು ಆ ದನಿ. ಏನೂ ಬೇಡವಾದವರ ದನಿ ಅದು.

ಆಗ ನಮ್ಮ ಮನೆಯಲ್ಲಿ ಸುಮಾಳ ತಾಯಿ ಇದ್ದರು. ಮೈಸೂರಿನಿಂದ ಬಂದು ಆರು ತಿಂಗಳಿಗೆ ಹತ್ತಿರವಾಗಿತ್ತು. ಮಂಡಿನೋವಿನವರು, ಬಸ್ಸು ಹತ್ತಲಾರರು. ಆದರೆ ರೋಗ ಯಾವುದೆಂಬ ಬಗ್ಗೆ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. 'ಫೋಟೋ ಹಾಕಿದ್ರಲ್ಲ ಅಳಿಯಂದ್ರೇ, ಊರೋರ ಕಣ್ಣೆಲ್ಲ ಮಗೂ ಮೇಲೆ ಬಿತ್ತು' ಎಂದರು. ಶನಿವಾರ ಹೊರಡುವಾಗ ಒಂದು ಪುಟ್ಟ ಗಂಟು ಕೈಗಿಟ್ಟರು. ಕಲ್ಲುಪ್ಪು, ಸಾಸಿವೆ, ಮನೆಯ ಡಬ್ಬದಲ್ಲಿದ್ದಷ್ಟೂ ಒಣಮೆಣಸಿನಕಾಯಿ. ದೀಪ ಹಚ್ಚುವ ಹೊತ್ತಿಗೆ ಮಗುವಿಗೆ ನಿವಾಳಿಸಿ, ಅದರೊಳಕ್ಕೆ ಮೂರು ಸಲ ಥೂ ಅನ್ನಿಸಿ, ಬೆಂಕಿಗೆ ಹಾಕಬೇಕು. ಘಾಟು ಎದ್ದು ಎಲ್ಲರೂ ಕೆಮ್ಮಿದರೆ ಏನೂ ಇಲ್ಲವೆಂದು ಅರ್ಥ. ಘಾಟೇ ಬರದಿದ್ದರೆ ದೃಷ್ಟಿ ಆಗಿತ್ತು, ಈಗ ಹೋಯಿತು ಎಂದು ಅರ್ಥ. ಮೆಣಸಿನಕಾಯಿ ಸುಟ್ಟರೆ ಘಾಟು ಬಾರದೆ ಇರುವುದಿಲ್ಲ, ಅದು ನನ್ನ ಅನ್ನದ ವಿಷಯ. ಆದರೂ ಗಂಟನ್ನು ಕೋಟಿನ ಜೇಬಿಗೆ ಹಾಕಿಕೊಂಡೆ. ಬೇಡ ಎಂದು ವಾದ ಮಾಡಲು ಕೂಡ ಸ್ವಲ್ಪ ಹುರುಪು ಬೇಕಾಗುತ್ತದೆ.

ಕಿಂಗ್‌ಸ್ಟನ್ ಅಂದು ಇನ್ನಷ್ಟು ಗಿಜಿಗುಡುತ್ತಿತ್ತು. ಯಾವುದೋ ಪಂದ್ಯ ಗೆದ್ದಿದ್ದರೆಂದು ತೋರುತ್ತದೆ, ಮುಖಕ್ಕೆ ಬಣ್ಣ ಬಳಿದುಕೊಂಡ ಹುಡುಗರು ಹಾಡುತ್ತ ರಸ್ತೆಯ ತುಂಬ ಹರಡಿದ್ದರು. ಅವರ ನಡುವೆ ನಾನು, ಒಂದು ಕೈಯಲ್ಲಿ ಬಿಸಿಬೇಳೆಬಾತಿನ ಡಬ್ಬಿ, ಜೇಬಿನಲ್ಲಿ ಮೆಣಸಿನಕಾಯಿ. ಒಬ್ಬ ಹುಡುಗ ಪ್ರೀತಿಯಿಂದ ನನ್ನ ಭುಜ ತಟ್ಟಿ ಹೋದ. ಇಷ್ಟು ಜನರಲ್ಲಿ ಯಾರ ಮುಖದಲ್ಲೂ ಇಲ್ಲದ ದಣಿವು ನನ್ನ ಮಗಳಿಗೊಬ್ಬಳಿಗೆ ಎಲ್ಲಿಂದ ಬಂತು ಎಂದುಕೊಳ್ಳುತ್ತ ನಡೆದೆ.

ರೂಮಿನಲ್ಲಿ ಅವಳು ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಕಣ್ಣಿನ ಸುತ್ತ ಕಪ್ಪು. ಬಾತನ್ನು ನಾಲ್ಕು ತುತ್ತು ತಿಂದಳು. ತಯಾರಿ ಮಾಡಿಕೊಂಡು ಬಂದ ಬುದ್ಧಿಮಾತುಗಳನ್ನು ಬದಿಗಿಟ್ಟು ನಾನು ಉಳಿದ ಬಾತಿಗೆ ಮುಚ್ಚಳ ಹಾಕಿದೆ. ಕತ್ತಲಾಗುತ್ತ ಬಂದಾಗ ಗಂಟು ತೆಗೆದು ತೋರಿಸಿದೆ. ನಗುತ್ತಾಳೆಂದುಕೊಂಡಿದ್ದೆ. 'ಅಜ್ಜೀದಾ? ಹೊಗೆಗೆ ಅಲಾರ್ಮ್ ಹೊಡ್ಕೊಂಡ್ರೆ ಇಡೀ ಬಿಲ್ಡಿಂಗ್ ಕೆಳಗಿಳಿಬೇಕು. ವಾಟೆವರ್. ಮಾಡು' ಎಂದಳು.

ಹಂಚಿಕೊಂಡು ಬಳಸುವ ಅಡುಗೆಮನೆಗೆ ಹೋದೆವು. ಅವಳ ಜೊತೆಗಾತಿಯೊಬ್ಬಳು ಪಾಸ್ತಾಕ್ಕೆ ಬೆಳ್ಳುಳ್ಳಿ ಹುರಿಯುತ್ತಿದ್ದಳು. ನಮ್ಮನ್ನು ನೋಡಿ ನಕ್ಕು ಜಾಗ ಬಿಟ್ಟಳು. ಅತ್ತೆಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿದೆ. ನಾನು ನಿವಾಳಿಸಿದೆ, ಅತ್ತೆ ಅಲ್ಲಿಂದ ಹೇಳುತ್ತಿದ್ದರು: 'ಬಂದೋರ ಕಣ್ಣು, ಹೋದೋರ ಕಣ್ಣು, ಕಂಡೋರ ಕಣ್ಣು, ಕಾಣದೋರ ಕಣ್ಣು...' ಮೇಘಾ ಸಣ್ಣವಳಿದ್ದಾಗಿನ ಹಾಗೆ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಥೂ ಅಂದಳು. ಕಿಟಕಿ ಇದ್ದಷ್ಟೂ ತೆರೆದೆ, ಹೊಗೆ ಎಳೆಯುವ ಫ್ಯಾನ್ ಹಾಕಿದೆ, ಚಾವಣಿಯ ಬಿಳಿ ಅಲಾರ್ಮನ್ನು ಒಮ್ಮೆ ಬೇಡುವ ಕಣ್ಣಿನಿಂದ ನೋಡಿದೆ, ಕಾದ ಬಾಣಲೆಗೆ ಎಲ್ಲವನ್ನೂ ಸುರಿದೆ.

ಸಾಸಿವೆ ಸಿಡಿಯಿತು. ಮೆಣಸಿನಕಾಯಿ ಉಬ್ಬಿತು, ಕಂದಾಯಿತು, ಕಪ್ಪಾಯಿತು. ತೆಳುವಾದ ಬೂದು ಹೊಗೆ ಎದ್ದು ನೇರ ನನ್ನ ಮುಖಕ್ಕೇ ಬಂತು. ನಾನು ಉಸಿರು ಬಿಗಿಹಿಡಿದಿದ್ದೆ. ಎಷ್ಟು ಹೊತ್ತು ಹಿಡಿದಾನು ಮನುಷ್ಯ? ಬಿಟ್ಟು ಎಳೆದುಕೊಂಡೆ. ಏನೂ ಇಲ್ಲ. ಮತ್ತೆ ಎಳೆದುಕೊಂಡೆ. ಬೆಳ್ಳುಳ್ಳಿಯ ವಾಸನೆ ಬಂತು, ಬೆಣ್ಣೆಯದು ಬಂತು, ಪಾತ್ರೆ ತೊಳೆಯುವ ಸೋಪಿನದೂ ಬಂತು. ಸುಟ್ಟ ಮೆಣಸಿನಕಾಯಿಯದು ಮಾತ್ರ ಇಲ್ಲ. ಬಾಣಲೆಯ ಮೇಲೇ ಬಗ್ಗಿ ಮೂಸಿದೆ. ಆವಿ ಬಂದ ಹಾಗೆ, ಅಷ್ಟೇ. ಪಕ್ಕದಲ್ಲೇ ಇದ್ದ ಹುಡುಗಿ ಒಂದು ಸಲವೂ ಕೆಮ್ಮದೆ, ಇದು ಯಾವ ಅಡುಗೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮೇಘಾ ನನ್ನ ಮುಖ ನೋಡಿದಳು.

ಅತ್ತೆ ಹೇಳುವುದನ್ನು ನಿಲ್ಲಿಸಿರಲಿಲ್ಲ. 'ಮನೆಯೋರ ಕಣ್ಣು' ಎಂಬಲ್ಲಿಗೆ ಬಂದು ಕೆಮ್ಮಿದರು. ಇನ್ನೊಮ್ಮೆ ಕೆಮ್ಮಿದರು. ಆಮೇಲೆ ಕೆಮ್ಮು ನಿಲ್ಲಲೇ ಇಲ್ಲ. ಹಿಂದಿನಿಂದ ಸುಮಾ ಕೆಮ್ಮುವುದೂ ಕೇಳಿಸಿತು, ಫೋನಿನ ಚಿತ್ರ ಅಲ್ಲಾಡಿ ಚಾವಣಿ ಕಾಣಿಸಿತು, ಎಲ್ಲೋ ಕಿರ್ರೆಂದು ಅಲಾರ್ಮ್ ಹೊಡೆಯತೊಡಗಿತು. ನಾನು ಬೆದರಿ ನಮ್ಮ ತಲೆಯ ಮೇಲಿನ ಅಲಾರ್ಮ್ ನೋಡಿದೆ. ಅದು ತನ್ನ ಪಾಡಿಗೆ ಹಸಿರು ಮಿಣುಕಿಸುತ್ತಿತ್ತು. ಹೊಡೆಯುತ್ತಿದ್ದದ್ದು ಫೋನಿನೊಳಗೆ, ಹೌನ್ಸ್ಲೋದಲ್ಲಿ, ನಮ್ಮ ಮನೆಯದು. ಕಾಲ್ ಕಡಿದುಹೋಯಿತು.

ಸ್ವಲ್ಪ ಹೊತ್ತಿಗೆ ಸುಮಾಳ ಸಂದೇಶ ಬಂತು, ಹೆದರಬೇಡಿ, ಕಿಟಕಿ ತೆಗೆದಿದ್ದೇವೆ ಎಂದು. ಹೆದರಬೇಡಿ ಎಂದರೆ ನಾನು ಏನಾಗುತ್ತೇನೆಂದು ಅವಳಿಗೆ ಇಷ್ಟು ವರ್ಷಗಳಾದರೂ ತಿಳಿದಿಲ್ಲ. ಹೊರಡಲು ಎದ್ದರೆ ಮೇಘಾ ಕುರ್ಚಿಯಲ್ಲೇ ತಲೆ ವಾಲಿಸಿ ನಿದ್ದೆ ಹೋಗಿದ್ದಳು. ಎಬ್ಬಿಸಲು ಮನಸ್ಸಾಗಲಿಲ್ಲ. ರಗ್ಗು ಹೊದಿಸಿ, ಜೊತೆಗಾತಿಗೆ ಹೇಳಿ ಬಂದೆ.

ಮನೆ ತಲುಪಿ ಬಾಗಿಲು ತೆಗೆದರೆ ಮೂಗಿಗೆ ಹೊಡೆಯಿತು. ಅನುಮಾನಕ್ಕೆ ಎಡೆಯೇ ಇಲ್ಲ, ಒಣಮೆಣಸಿನಕಾಯಿ ಸುಟ್ಟ ಘಾಟು, ಉಪ್ಪು ಸಾಸಿವೆ ಸಮೇತ. ಒಲೆ ತಣ್ಣಗಿತ್ತು. ಮೆಣಸಿನಕಾಯಿ ಡಬ್ಬ ಖಾಲಿಯಿತ್ತು. ಅಷ್ಟರಲ್ಲಿ ಮೇಲಿನ ಮನೆಯ ಲವೀನಾಬಾಯಿ ಸೆರಗನ್ನೋ ಟವೆಲನ್ನೋ ಮೂಗಿಗೆ ಹಿಡಿದು ಇಳಿದು ಬಂದರು. ಉಡುಪಿ ಕಡೆಯವರು. 'ಎಂತ ಸುಟ್ಟದ್ದು ಮಾರಾಯ್ರೆ ನೀವು? ಮೇಲೆ ಕೂತ್ಕೊಳ್ಳಿಕ್ಕೆ ಆಗುದಿಲ್ಲ' ಎಂದರು. ನಾವೇನೂ ಸುಟ್ಟಿಲ್ಲ ಎಂದು ಸುಮಾ ಹೇಳಿದಳು. ಅವರು ನಂಬಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

'ಅಡುಗೆಮನೇಲಿ ಅಷ್ಟಿಲ್ಲ ರೀ. ನಿಮ್ಮ ಕುರ್ಚಿ ಹತ್ರ ನಿಲ್ಲೋಕಾಗ್ತಿಲ್ಲ' ಎಂದಳು ಸುಮಾ. ಹೋಗಿ ನಿಂತೆ. ನಿಲ್ಲಲಾಗಲಿಲ್ಲ.

ನಾನು ಸುಮ್ಮನಿರುವ ಜಾತಿಯಲ್ಲ. ಪಕ್ಕದ ಮನೆಗಳನ್ನು ವಿಚಾರಿಸಿದೆ, ಗಾಳಿ ಬರುವ ಕಿಂಡಿ ನೋಡಿದೆ. ಮೆಣಸಿನಕಾಯಿಯೇ ಸತ್ವ ಹೋದದ್ದಿರಬೇಕು ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಗಂಟಿನಿಂದ ಜಾರಿದ ಒಂದು ಕಾಯಿ ಕೋಟಿನ ಜೇಬಿನಲ್ಲಿ ಸಿಕ್ಕಿತು. ಸೋಮವಾರ ಅದನ್ನು ಕಾರ್ಖಾನೆಯ ಪ್ರಯೋಗದ ಕೋಣೆಯಲ್ಲಿ ಸುಟ್ಟೆ. ಒಂದೇ ಕಾಯಿ. ಕೋಣೆಯಲ್ಲಿದ್ದವರೆಲ್ಲ ಕಣ್ಣೊರೆಸುತ್ತ ಹೊರಗೆ ಓಡಿದರು. ಮ್ಯಾನೇಜರು, ಈ ವಯಸ್ಸಿನಲ್ಲಿ ನಿನಗೇನಾಗಿದೆ ಎಂಬರ್ಥದ ಮಾತನ್ನು ಬಹಳ ಸಭ್ಯವಾಗಿ ಆಡಿದರು.

ಅದೇ ಸೋಮವಾರ ಮೇಘಾ ಕಾಲೇಜು ಬಿಡಲಿಲ್ಲ. ಭಾನುವಾರ ಮಧ್ಯಾಹ್ನದವರೆಗೆ ನಿದ್ದೆ ಮಾಡಿದಳಂತೆ. ಇನ್ನೊಂದು ವಾರ ನೋಡುತ್ತೇನೆ ಎಂದಳು. ಆಪ್ತಸಲಹೆಯ ಸರದಿಯೂ ಬಂತು, ವಸಂತವೂ ಬಂತು, ನಿಧಾನವಾಗಿ ಅವಳ ದನಿ ಅವಳಿಗೆ ಮರಳಿತು. ಮೆಣಸಿನಕಾಯಿಯಿಂದ ಎಂದು ನಾನು ಹೇಳುವುದಿಲ್ಲ. ಅಪ್ಪ ಬಂದದ್ದಕ್ಕೆ ಇರಬಹುದು, ಬಿಸಿಬೇಳೆಬಾತಿಗೆ ಇರಬಹುದು. ಅದಕ್ಕೆಲ್ಲ ಕಾರಣ ಹುಡುಕಬಹುದು. ಅಲ್ಲಿ ಸುಟ್ಟದ್ದು ಇಲ್ಲಿ ಹೇಗೆ ಘಾಟಾಯಿತು ಎಂಬುದಕ್ಕೆ ಮಾತ್ರ ಸಿಕ್ಕಿಲ್ಲ.

ಅತ್ತೆಯನ್ನು ಕೇಳಿದ್ದೆ. ಎಲ್ಲದಕ್ಕೂ ಉತ್ತರವಿರುವ ಅವರು ಅಂದು ಮೆಣಸಿನಕಾಯಿಯ ಖಾಲಿ ಡಬ್ಬ ತೊಳೆಯಲು ಎದ್ದುಹೋದರು. ಊರಿಗೆ ಹೊರಟ ದಿನ ಏರ್‌ಪೋರ್ಟಿನಲ್ಲಿ, ಗಾಲಿಕುರ್ಚಿ ತಳ್ಳುವವರು ಬರುವ ಮೊದಲು, ನನ್ನ ತೋಳು ಹಿಡಿದು ಬಗ್ಗಿಸಿಕೊಂಡರು.

'ಅಳಿಯಂದ್ರೇ, ಬೇಜಾರು ಮಾಡ್ಕೋಬೇಡಿ. ಮಗೂನ ಅಷ್ಟೊಂದು ನೋಡ್ಬೇಡಿ.'

ಮೇಘಾ ಈಗ ಲೀಡ್ಸ್‌ನಲ್ಲಿ ಕೆಲಸದಲ್ಲಿದ್ದಾಳೆ, ಚೆನ್ನಾಗಿದ್ದಾಳೆ. ನೀಲಿ ಚುಕ್ಕೆಯನ್ನು ಅವಳು ಇನ್ನೂ ಆಫ್ ಮಾಡಿಲ್ಲ. ಕೆಲವು ಸಂಜೆ ಅದೇ ಕುರ್ಚಿಯಲ್ಲಿ ಕೂತು ಫೋನ್ ತೆಗೆಯುತ್ತೇನೆ. ನಕ್ಷೆ ಮೂಡುವ ಮೊದಲೇ ಗಂಟಲಲ್ಲಿ ಏನೋ ಕೆರೆದಂತಾಗಿ ಕೆಮ್ಮು ಬರುತ್ತದೆ. ಫೋನನ್ನು ಬೋರಲು ಹಾಕಿ ನೀರು ಕುಡಿಯುತ್ತೇನೆ. ವಯಸ್ಸಾಯಿತು, ಕೆಮ್ಮು ಬರುವುದೇ. ಜಿಪಿಗೆ ಒಮ್ಮೆ ತೋರಿಸಬೇಕು.