ಓಡುವ ಎಂಜಿನ್ನಿನಿಂದ ಬ್ಯಾಟರಿ ಕಳಚಿದ ಭಾನುವಾರ

ಹನಕೆರೆಯ ನಮ್ಮ ಕೇರಿಯಲ್ಲಿ ಆಗ ಕೆಟ್ಟ ವಸ್ತುವನ್ನು ಬಿಸಾಡುವ ರೂಢಿ ಇನ್ನೂ ಬಂದಿರಲಿಲ್ಲ. ಮಿಕ್ಸಿ, ಟೇಬಲ್ ಫ್ಯಾನು, ಗದ್ದೆಯ ಪಂಪಿನ ಮೋಟಾರು, ಎಲ್ಲವೂ ಮೊದಲು ನಮ್ಮ ಜಗಲಿಗೆ ಬರುತ್ತಿದ್ದವು. ಅಪ್ಪ ಮದ್ದೂರಿನ ಅಂಗಡಿಯೊಂದರಲ್ಲಿ ಮೋಟಾರಿಗೆ ತಂತಿ ಸುತ್ತುವ ಕೆಲಸ ಮಾಡುತ್ತಿದ್ದ. ಎಷ್ಟು ಸೋಪು ಹಾಕಿ ತಿಕ್ಕಿದರೂ ಅವನ ಬೆರಳಿನ ವಾರ್ನಿಷ್ ವಾಸನೆ ಹೋಗುತ್ತಿರಲಿಲ್ಲ. ಅವನು ಮುರಿದು ನಮ್ಮ ಬಾಯಿಗಿಟ್ಟ ಮುದ್ದೆಯ ತುತ್ತಿಗೂ ಅದೇ ವಾಸನೆ ಎಂದು ನಾನೂ ಅಕ್ಕನೂ ಮೂಗು ಹಿಡಿದು ನಗುತ್ತಿದ್ದೆವು.

ಅಕ್ಕನ ಎಡಗಾಲಿಗೆ ಹುಟ್ಟಿನಿಂದಲೇ ಬಲವಿರಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತುವುದು ಅವಳಿಂದ ಆಗುತ್ತಿರಲಿಲ್ಲ. ಅವಳನ್ನು ಭಾರತೀನಗರದ ಕಾಲೇಜಿಗೆ ಬಿಡಲೆಂದೇ ಅಪ್ಪ ಯಾರೋ ಓಡಿಸಿ ಸಾಕಾಗಿ ಮಾರಿದ ವ್ಯಾನೊಂದನ್ನು ತಂದಿದ್ದ. ಎಂಜಿನ್ನು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿದರೆ ಕಾದ ಎಣ್ಣೆಯ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು.

ಅಕ್ಕನ ಪಿಯುಸಿ ಪರೀಕ್ಷೆ ಸೋಮವಾರ ಶುರು. ಮೊದಲನೆಯದೇ ರಸಾಯನಶಾಸ್ತ್ರ. ಹಿಂದಿನ ಶುಕ್ರವಾರ ಸಂಜೆ ವ್ಯಾನಿನಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತಿಕೊಂಡು ಆರಲೇ ಇಲ್ಲ. ಹಾರ್ನು ನೆಗಡಿ ಹಿಡಿದವರಂತೆ ಕೂಗಿತು. ಅಪ್ಪ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ, ಬಿಗಿಯಾಗಿಯೇ ಇತ್ತು. ಎಂಜಿನ್ನು ಓಡುತ್ತಿರುವಾಗ ಬ್ಯಾಟರಿಗೆ ಮೀಟರಿನ ಕಡ್ಡಿಗಳನ್ನು ಮುಟ್ಟಿಸಿ ನನ್ನನ್ನು ಕರೆದ. ಮೀಟರ್ ಓದುವುದು ನನ್ನ ಕೆಲಸ. ನಾನಾಗ ಐದನೇ ಕ್ಲಾಸು. ಹನ್ನೆರಡು ಚಿಲ್ಲರೆ ಎಂದೆ. ಹದಿನಾಲ್ಕು ಇರಬೇಕು, ಅಂದರೆ ಆಲ್ಟರ್ನೇಟರು ಕರೆಂಟು ಹುಟ್ಟಿಸುತ್ತಿಲ್ಲ, ವ್ಯಾನು ಬ್ಯಾಟರಿಯಲ್ಲಿ ಕೂಡಿಟ್ಟದ್ದನ್ನೇ ಕೂತು ತಿನ್ನುತ್ತಿದೆ, ಗಂಟು ಕರಗುತ್ತಿದೆ ಎಂದು ನನಗೆ ತಿಳಿಯುವ ಹಾಗೆ ಹೇಳಿದ.

ಭಾನುವಾರ ಬೆಳಿಗ್ಗೆ ಆಲ್ಟರ್ನೇಟರನ್ನು ಇಳಿಸಿ ಜಗಲಿಯ ಗೋಣಿಚೀಲದ ಮೇಲೆ ಬಿಚ್ಚಿದ. ಒಳಗಿನ ಕಾರ್ಬನ್ ಬ್ರಷ್ಷುಗಳು ಸವೆದು ಹುಣಸೆಬೀಜದಷ್ಟಾಗಿದ್ದವು. ಅಂದಾಜಿನ ಮೇಲೆ ಶನಿವಾರವೇ ಮಂಡ್ಯದಿಂದ ತಂದಿಟ್ಟಿದ್ದ ಹೊಸವನ್ನು ಬೆಸುಗೆ ಹಾಕಿದ. ಕಪ್ಪಾಗಿದ್ದ ತಾಮ್ರದ ಉಂಗುರಗಳನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿದ. ಬೆಸುಗೆಯ ರಾಳದ ಹೊಗೆ ಅವ್ವನ ಬಾಡಿನ ಸಾರಿನ ಘಮದೊಳಗೆ ಸೇರಿ ಮನೆಯೆಲ್ಲ ತುಂಬಿಕೊಂಡಿತ್ತು. ಅಕ್ಕ ಒಳಕೋಣೆಯಲ್ಲಿ ಕೂತು ಜೋರಾಗಿ ಸೂತ್ರಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅಪ್ಪ ಎಲ್ಲ ಜೋಡಿಸಿ ಎಂಜಿನ್ ಹಚ್ಚಿದ. ಕೆಂಪು ದೀಪ ಆರಿತು. ಮೀಟರಿನ ಕಡ್ಡಿಗಳನ್ನು ಮುಟ್ಟಿಸಿ ನನ್ನತ್ತ ನೋಡಿದ.

"ಎಷ್ಟವ್ವ?"

"ಹದಿನಾಕು ಪಾಯಿಂಟ್ ಒಂದು."

"ಇನ್ನೊಂದ್ಸತಿ ಯೋಳು," ಎಂದು ಕಣ್ಣು ಮುಚ್ಚಿಕೊಂಡ. ಆ ಮುಖವನ್ನು ನಾನು ಆಮೇಲೆ ಮತ್ತೆ ನೋಡಲಿಲ್ಲ.

ಟ್ರಾಕ್ಟರ್ ಗೌಡ್ರು ಬಂದದ್ದು ಆಗಲೇ. ಊರಿಗೆ ಮೊದಲ ಟ್ರಾಕ್ಟರು ತಂದವರಾದ್ದರಿಂದ ಆ ಹೆಸರು. ಪಂಪಿನ ಮೋಟಾರು ರೆಡಿಯಾಯಿತೇ ಎಂದು ಕೇಳಲು ಬಂದವರು ವ್ಯಾನಿನ ಮುಂದೆ ನಿಂತು ಕಿವಿಗೊಟ್ಟರು. ಅವರ ಹಳೇ ಟ್ರಾಕ್ಟರಿನಲ್ಲಿದ್ದದ್ದು ಡೈನಮೋ. ಎಂಜಿನ್ನು ಓಡುತ್ತಿರುವಾಗಲೇ ಬ್ಯಾಟರಿಯ ತಂತಿ ಕಳಚುವುದು, ಎಂಜಿನ್ನು ನಿಲ್ಲದಿದ್ದರೆ ಡೈನಮೋ ಚೆನ್ನಾಗಿದೆ ಎಂದುಕೊಳ್ಳುವುದು ಆ ಕಾಲದವರ ಪರೀಕ್ಷೆ.

"ಆ ಮೀಟ್ರು ಪೆಟ್ಟಿಗೆ ನಂಬ್ಕತೀಯೇನ್ಲಾ? ತಂತಿ ಕಿತ್ತು ನೋಡ್ಲಾ."

"ಬ್ಯಾಡಿ ಸ್ವಾಮಿ," ಅಪ್ಪ ಅಂದ. "ಇದು ಡೈನಮೋ ಅಲ್ಲ. ಓಡೋವಾಗ ಬ್ಯಾಟ್ರಿ ತಗುದ್ರೆ ಒಳಗಿನ ಡಯೋಡ್ ಸುಟ್ಟೋಯ್ತವೆ."

"ನೀ ಉಟ್ಟೋಕ್ ಮುಂಚಿಂದ ಟ್ರಾಕ್ಟರ್ ಮಡಗಿವ್ನಿ ಕಣ್ಲಾ. ಕೊಡಿಲ್ಲಿ ಸ್ಪ್ಯಾನರು."

ಅಪ್ಪ ಕೊಟ್ಟ. ಕೊಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿದ. ನಮ್ಮ ಮನೆಯ ನೀರು ಕುಡಿಯದವರು ನಮ್ಮ ವ್ಯಾನಿನೊಳಗೆ ಮೊಣಕೈವರೆಗೂ ಕೈ ಹಾಕಿದರು. ಚಟ್ ಎಂದಿತು. ಎಂಜಿನ್ನು ಒಮ್ಮೆ ಒದ್ದಾಡಿ ನಿಂತುಹೋಯಿತು. ಸೀಟಿನ ಕೆಳಗಿಂದ ಸುಟ್ಟ ವಾಸನೆ ಎದ್ದಿತು.

"ನೋಡ್ದಾ? ನಿನ್ ರಿಪೇರಿನೇ ಸರಿ ಇಲ್ಲ," ಎಂದು ಗೌಡ್ರು ಕೈ ಒರೆಸಿಕೊಂಡು ಹೋದರು. ಒರೆಸಿಕೊಂಡದ್ದು ಅಪ್ಪನ ಟವಲಿಗೆ. ಅವ್ವ ಆ ಟವಲನ್ನು ಒಲೆಗೆ ಹಾಕಿದಳು.

ಡಯೋಡುಗಳ ಜೊತೆಗೆ ಕಿಡಿ ಕೊಡುವ ಭಾಗವೂ ಸುಟ್ಟಿತ್ತು. ಭಾನುವಾರ ಅಂಗಡಿ ಇಲ್ಲ. ಸೋಮವಾರ ಬೆಳಿಗ್ಗೆ ಊರಿನ ಒಂದೇ ಆಟೋ ಸೊಪ್ಪು ಹೇರಿಕೊಂಡು ಮಂಡ್ಯಕ್ಕೆ ಹೋಗಿಬಿಟ್ಟಿತ್ತು. ಅಪ್ಪ ಅಕ್ಕನನ್ನು ಎತ್ತಿಕೊಂಡು ರಸ್ತೆಯಲ್ಲಿ ನಿಂತ. ಎರಡು ಬಸ್ಸುಗಳು ಬಾಗಿಲಲ್ಲಿ ಜನ ನೇತಾಡಿಕೊಂಡೇ ಹೋದವು. ಮೂರನೆಯದರಲ್ಲಿ ಮದ್ದೂರು ತಲುಪಿ, ಅಲ್ಲಿಂದ ಆಟೋ ಹಿಡಿದು ಕಾಲೇಜು ಮುಟ್ಟುವಷ್ಟರಲ್ಲಿ ಗೇಟು ಹಾಕಿತ್ತು. ಅಕ್ಕ ಆಮೇಲೆ ಮರುಪರೀಕ್ಷೆ ಬರೆದು ಪಾಸಾದಳು. ಆದರೆ ಅವಳು ಸೇರಬೇಕೆಂದಿದ್ದ ಕೋರ್ಸಿನ ಸೀಟುಗಳು ಅಷ್ಟರಲ್ಲಿ ಮುಗಿದಿದ್ದವು. ಅವಳು ಯಾರನ್ನೂ ಬಯ್ಯಲಿಲ್ಲ. ಅದಕ್ಕೂ ನನಗೆ ಸಿಟ್ಟು.

ನಾನು ಒಂದು ವಾರ ಅಪ್ಪನ ಜೊತೆ ಮಾತು ಬಿಟ್ಟೆ. ಗೌಡ್ರ ಮೇಲಿನದಕ್ಕಿಂತ ಹೆಚ್ಚು ಸಿಟ್ಟು ಆ ಸ್ಪ್ಯಾನರು ಕೊಟ್ಟ ಕೈಯ ಮೇಲಿತ್ತು. ಹೊಸ ಡಯೋಡ್ ತಂದ ಅಪ್ಪ ಅದನ್ನು ಜಗಲಿಯಲ್ಲಿ ಕೂತು ಬೆಸೆಯಲಿಲ್ಲ. ಅಡುಗೆಮನೆಯಲ್ಲಿ, ಬಾಗಿಲು ಹಾಕಿಕೊಂಡು ಬೆಸೆದ. ಅಲ್ಲಿ ಕೇಳಿದೆ, ಯಾಕೆ ಕೊಟ್ಟೆ ಎಂದು.

"ಬ್ಯಾಡಿ ಅಂದ್ನಲ್ಲವ್ವ," ಅಂದ ತಲೆ ಎತ್ತದೆ. "ಅದ್ಕಿಂತ ಜೋರಾಗಿ ಅನ್ನಾಕೆ ನಂಗ್ ಬರಾಕಿಲ್ಲ."

ನಾನದನ್ನು ಕ್ಷಮಿಸಲಿಲ್ಲ. ಗೌಡ್ರಂಥವರ ಮುಂದೆ ಎಷ್ಟು ವರ್ಷ ಬದುಕಿದರೆ ಅಷ್ಟೊಂದು ಮೆಲ್ಲಗೆ ಹೇಳುವುದು ಅಭ್ಯಾಸವಾಗುತ್ತದೆ ಎಂದು ಯೋಚಿಸುವ ವಯಸ್ಸು ಅದಾಗಿರಲಿಲ್ಲ. ಯೋಚಿಸುವ ವಯಸ್ಸು ಬಂದಮೇಲೆ ನನಗೆ ಅರ್ಥವಾಯಿತು ಎಂದು ಅವನಿಗೆ ಹೇಳಿಬಿಡಬೇಕಿತ್ತು. ಹೇಳಲಿಲ್ಲ.

ಅಪ್ಪ ಹೋಗಿ ಎರಡು ತಿಂಗಳಾಯಿತು. ತಿಥಿಯ ದಿನ ಗೌಡ್ರ ಮಗ ಬಂದು ಶಾಮಿಯಾನದ ಕೆಳಗೆ ಕೂತಿದ್ದರು. ಅವರ ತಂದೆ ತೀರಿಕೊಂಡು ಬಹಳ ಕಾಲವಾಗಿದೆ. ಅವರು ನಮ್ಮ ಮನೆಯ ಕಾಫಿ ಕುಡಿದರು, ಕಾಲ ಅಷ್ಟು ಬದಲಾಗಿದೆ.

"ನಿಮ್ಮಪ್ಪ ದೇವ್ರಂತೋನು ಕಣಮ್ಮ," ಎಂದರು. "ಯಾರ್ಗೂ ಒಂದಿನ ಬ್ಯಾಡ ಅಂದೋನಲ್ಲ."

ಸುತ್ತ ಕೂತವರು ತಲೆಯಾಡಿಸಿದರು.

"ಅಂದಿದ್ದ," ನಾನು ಅಂದೆ.

ಯಾವಾಗ ಎಂದು ಯಾರೂ ಕೇಳಲಿಲ್ಲ. ಅಂದು ವ್ಯಾನಿನ ಪಕ್ಕ ನಿಂತು ಅಪ್ಪನ ಆ 'ಬ್ಯಾಡಿ'ಯನ್ನು ಕೇಳಿಸಿಕೊಂಡವರು ಇಬ್ಬರೇ, ಗೌಡ್ರು ಮತ್ತು ನಾನು. ಕೇಳಿಯೂ ಕೇಳದವರು ಅವರು. ಕೇಳಿಯೂ ಲೆಕ್ಕಕ್ಕಿಡದವಳು ನಾನು.