ತೇವಮಾಪಕಕ್ಕೆ ದಿನಕ್ಕೊಂದು ಕೊಡ ನೀರು

ಗೆಳೆಯರೇ, ಇವತ್ತು ಮಗ ಮನೆಯಲ್ಲೇ ಕೂತು, ಹೊಲದಲ್ಲಿ ತೇವ ಎಷ್ಟಿದೆ ಎಂದು ಮೊಬೈಲಿನಲ್ಲಿ ನೋಡಿದ. ನನಗೆ ಎಂಬತ್ತರ ದಶಕದ ಬೇವೂರಿನ ಬಸಮ್ಮ ನೆನಪಾದರು.

ಆಗ ನಾನು ಕೃಷಿ ಇಲಾಖೆಯ ನೌಕರಿಗೆ ಹೊಸಬ. ಬಸಮ್ಮನವರ ಜೋಳದ ಹೊಲದಲ್ಲಿ ಮಣ್ಣಿನ ತೇವ ಅಳೆಯುವ ಮಾಪಕ ನೆಟ್ಟಿದ್ದೆ. ನೀರು ತುಂಬಿದ ಉದ್ದನೆಯ ಕೊಳವೆ, ಮೇಲೆ ಗಡಿಯಾರದಂಥ ಮುಖ, ಅದರಲ್ಲೊಂದು ಮುಳ್ಳು. "ಇದರ ನೀರು ಕಡಿಮಿ ಆಗದಂಗ ನೋಡ್ಕೋರಿ ಯವ್ವಾ" ಎಂದು ಹೇಳಿ ಬಂದಿದ್ದೆ.

ತಿಂಗಳಿಡೀ ಮಳೆಯಿಲ್ಲ. ಆದರೂ ಬಸಮ್ಮ ವಾರವಾರವೂ ಹೇಳಿಕಳಿಸುತ್ತಿದ್ದ ಮುಳ್ಳಿನ ಅಂಕಿ, ಮಣ್ಣು ಹಸಿಯಾಗಿದೆ ಎಂದೇ ತೋರಿಸುತ್ತಿತ್ತು. ಈ ಕರಿಮಣ್ಣು ತೇವ ಹಿಡಿದಿಡುವುದರಲ್ಲಿ ಅದ್ಭುತ ಎಂದು ವರದಿ ಕಳಿಸಿದೆ. ಖುಷಿಯಾದ ಸಾಹೇಬರು ಕೊಪ್ಪಳದಿಂದ ಜೀಪಿನಲ್ಲಿ ನೋಡಲು ಬಂದೇಬಿಟ್ಟರು.

ಹೊಲವೆಲ್ಲ ಬಿರುಕು ಬಿಟ್ಟಿತ್ತು. ಮಾಪಕದ ಸುತ್ತ ಮಾತ್ರ ಮೊಣಕಾಲೆತ್ತರದ ಹಸಿರು ಹುಲ್ಲು!

"ಇದೇನ್ರೀ ಇದು?" ಎಂದರು ಸಾಹೇಬರು.

ಬಸಮ್ಮ ಹೆಮ್ಮೆಯಿಂದ ಹೇಳಿದರು: "ದಿನಾ ಮುಂಜಾನಿ ಒಂದು ಕೊಡ ನೀರು ಹಾಕ್ತೀನ್ರಿ ಸಾಹೇಬ್ರ. ನೀರು ಕಡಿಮಿ ಮಾಡಬ್ಯಾಡ ಅಂತ ಈ ತಮ್ಮ ಹೇಳಿ ಹೋಗ್ಯಾನ."

"ನಾ ಹೇಳಿದ್ದು ಕೊಳವಿ ಒಳಗಿನ ನೀರು ಯವ್ವಾ!" ಎಂದೆ.

"ಹಂಗಂತ ಆವತ್ತ ಹೇಳಬೇಕಿಲ್ಲೇನಪಾ? ಬಾವಿಯಿಂದ ಹೊತ್ತು ಹೊತ್ತು ನನ್ನ ಸೊಂಟ ಹೋಗೇತಿ!"

ಸಾಹೇಬರು ನಗು ತಡೆಯಲಾಗದೆ ಜೀಪಿನ ಕಡೆ ತಿರುಗಿ ನಿಂತರು. ಆಮೇಲೆ "ವರದಿ ತಿದ್ದಿ ಕಳಸಪಾ" ಎಂದರು.

ಅಂದೇ ತಿದ್ದಿದೆ. ತೇವಾಂಶಕ್ಕೆ ಕಾರಣ ಎಂಬಲ್ಲಿ ‘ಕರಿಮಣ್ಣು’ ಹೊಡೆದುಹಾಕಿ ‘ಬಸಮ್ಮ’ ಎಂದು ಬರೆದೆ.