ಎಕ್ಸ್‌ರೇ ಅಕ್ಕನ ಕೆಟ್ಟ ಫಿಲ್ಮು

ಅವರ ಹತ್ತೂ ಬೆರಳಿನ ಉಗುರು ಮಾಂಸದವರೆಗೆ ಕತ್ತರಿಸಿರುತ್ತಿತ್ತು. ಫಿಲ್ಮು ತೊಳೆಯುವ ಡೆವಲಪರ್ ನೀರಿನಲ್ಲಿ ನೆಂದು ನೆಂದು ಬೆರಳ ತುದಿಗಳು ಬೇಯಿಸಿದ ಕಡಲೆಕಾಯಿ ಸಿಪ್ಪೆಯ ಬಣ್ಣಕ್ಕೆ ತಿರುಗಿದ್ದವು. ತುರಿಕೆ ಬಂದರೆ ಕೆರೆದುಕೊಳ್ಳಲಾಗದೆ ಕುತ್ತಿಗೆಯನ್ನು ಸುಮ್ಮನೆ ಉಜ್ಜಿಕೊಳ್ಳುತ್ತಿದ್ದರು. ಯಾಕಕ್ಕಾ ಇಷ್ಟು ಕತ್ತರಿಸ್ತೀರಿ ಎಂದರೆ, "ನನ್ ಫಿಲ್ಮಿಗೆ ಎರಡೂ ಕಡೆ ಚರ್ಮ ಕಣಮ್ಮ. ಯಾವ ಕಡೆ ಮುಟ್ಟಿದ್ರೂ ಗಾಯ ಆಯ್ತದೆ," ಎನ್ನುತ್ತಿದ್ದರು.

ಹಿಂದೂಪುರದ ನಮ್ಮ ಬೀದಿಯಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಅವರು ಎಕ್ಸ್‌ರೇ ಅಕ್ಕ. ಒಂದು ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಮಾಡುತ್ತಿದ್ದರು. ಅಲ್ಲಿಗೆ ಕಂಪ್ಯೂಟರಿನ ಯಂತ್ರ ಬಂದಾಗ ಯಾರಿಗೂ ಬೇಡವಾದ ಫಿಲ್ಮಿನ ಪೆಟ್ಟಿಗೆಗಳನ್ನು ಕೇಳಿ ಮನೆಗೆ ತಂದರು. ಅವರಪ್ಪ ಕಲ್ಯಾಣದುರ್ಗದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು. ಆ ಕಾಲದ ಮರದ ದೊಡ್ಡ ಕ್ಯಾಮೆರಾ, ಕರಿಬಟ್ಟೆಯ ಸಮೇತ, ಮಗಳ ಪಾಲಿಗೆ ಬಂದಿತ್ತು. ಒಂದು ಹಾಳೆಗೆ ಒಂದೇ ಚಿತ್ರ ತೆಗೆಯುವ ಆ ಕ್ಯಾಮೆರಾದ ಅಳತೆಗೆ ಎಕ್ಸ್‌ರೇ ಹಾಳೆಯನ್ನು ಕತ್ತರಿಸಿ ಕೂರಿಸುತ್ತಿದ್ದರು.

ಸ್ಟುಡಿಯೋದವರು ಬಳಸುವ ಮಾಮೂಲಿ ಫಿಲ್ಮು ಅವರ ಬಳಿ ಒಂದೇ ಒಂದು ಪೆಟ್ಟಿಗೆ ಇತ್ತು. ಅದು ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಹಿಂದೆ ಇರುತ್ತಿತ್ತು. ಅದಕ್ಕೆ ದೊರಸಾನಿ ಎಂದು ಹೆಸರಿಟ್ಟಿದ್ದರು. "ದೊರಸಾನಿ ಎಲ್ಲಾ ಬಣ್ಣಾನೂ ನೋಡ್ತಾಳೆ, ಅದ್ಕೇ ಎಲ್ಲಾರ್ನೂ ಚೆಂದ ಮಾಡ್ತಾಳೆ. ನಮ್ಮೋಳಿಗೆ ಕೆಂಪು ಕಾಣಾಕಿಲ್ಲ. ಕೆಂಪಂಗಿರೋದೆಲ್ಲ ಕರ‍್ರಗೆ ಬತ್ತದೆ."

ಅದು ನಿಜ. ಆ ಫಿಲ್ಮಿನಲ್ಲಿ ನಮ್ಮ ಜನ ಕರಿಕಲ್ಲಿನಲ್ಲಿ ಕಡೆದವರಂತೆ ಬರುತ್ತಿದ್ದರು. ಮೊಡವೆ, ಸುಟ್ಟ ಕಲೆ, ಬಿಸಿಲು ತಿಂದ ಗುರುತು ಎಲ್ಲವೂ ಎದ್ದು ನಿಲ್ಲುತ್ತಿದ್ದವು. ಹಣೆಯ ಕುಂಕುಮ ಇದ್ದಿಲಿನ ಬೊಟ್ಟಾಗುತ್ತಿತ್ತು. ಅದಕ್ಕೇ ಅಕ್ಕ ಕ್ಯಾಮೆರಾದ ಪಕ್ಕ ಒಂದು ನೀಲಿ ಬಣ್ಣದ ಶೀಶೆ ಇಟ್ಟುಕೊಂಡಿದ್ದರು. ಹೆಂಗಸರು ಬಂದರೆ ಕುಂಕುಮದ ಮೇಲೆ ನೀಲಿ ಬೊಟ್ಟು ಇಡುತ್ತಿದ್ದರು. ಚಿತ್ರದಲ್ಲಿ ಅದು ಬೆಳ್ಳಗೆ ಬರುತ್ತಿತ್ತು. ಸೋಮಂದೇಪಲ್ಲಿಯಿಂದ ಬಂದ ಒಬ್ಬಾಕೆ ಮಾತ್ರ ನೀಲಿ ಬೊಟ್ಟು ಬೇಡವೆಂದು ಹಟ ಹಿಡಿದಳು. ಕುಂಕುಮ ಕಪ್ಪಗೆ ಬಂತು. ಮೊದಲೇ ಉಸಿರಾಟದ ತೊಂದರೆಯಿದ್ದ ಅವಳ ಗಂಡ ಸ್ವಲ್ಪ ದಿನಕ್ಕೆ ತೀರಿಕೊಂಡ.

ಅಷ್ಟು ಸಾಕಾಯಿತು. ಆ ಹಾಳೆಗೆ ಮುಂದಾಗುವುದು ಗೊತ್ತಾಗುತ್ತದೆ ಎಂದು ಬೀದಿ ಮಾತಾಡಿತು. ಅಕ್ಕನ ಬಾಗಿಲ ಮುಂದೆ ಹಾಯುವಾಗ ಬಸುರಿಯರು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ಇದನ್ನು ನಾನೇ ನೋಡಿದೆನೋ, ಯಾರೋ ಹೇಳಿದ್ದು ಕಣ್ಣಿಗೆ ಕಟ್ಟಿದೆಯೋ, ಈಗ ಖಾತ್ರಿಯಿಲ್ಲ. ಅಕ್ಕ ನಗುತ್ತಿದ್ದದ್ದಂತೂ ನಾನು ಕಂಡದ್ದೇ. ಒಬ್ಬ ಮುದುಕ ಬಂದು, "ಏಮ್ಮಾ, ನನ್ ಎಲುಬು ಕಾಣ್ತದಾ ಇದ್ರಲ್ಲಿ?" ಎಂದ. "ಎಲುಬು ಕಾಣಕ್ಕೆ ಮಿಷಿನ್ ಬೇಕು ತಾತ. ನಿಂದು ಮಿಷಿನ್ ಇಲ್ದೇನೇ ಕಾಣ್ತದೆ, ಕುಂತ್ಕೋ," ಎಂದರು.

ನಾನು ಅನಂತಪುರದಲ್ಲಿ ಎಂ.ಎ. ಮುಗಿಸಿ ಬಂದು ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಗೋಡೆಗೆ ಹಾಕಲು ನನ್ನದೊಂದು ದೊಡ್ಡ ಫೋಟೋ ಬೇಕೆಂದು ಅಮ್ಮನಿಗೆ ಆಸೆ. ಬೀದಿ ಏನೇ ಆಡಿಕೊಳ್ಳಲಿ, ಅಮ್ಮ ಆಗ ಅಕ್ಕನ ಪಕ್ಷದವಳೇ. ಒಂದು ಭಾನುವಾರ ಅಕ್ಕ ನನ್ನನ್ನು ಕಿಟಕಿಯ ಪಕ್ಕ ಕೂರಿಸಿ ಎಕ್ಸ್‌ರೇ ಹಾಳೆಯಲ್ಲೇ ತೆಗೆದರು.

ತೊಳೆಯುವಾಗ ನಾನೂ ಜೊತೆಗಿದ್ದೆ. ಆ ಫಿಲ್ಮಿಗೆ ಕೆಂಪು ದೀಪದ ಭಯವಿಲ್ಲ. ದೀಪದ ಕೆಳಗೇ, ಕಣ್ಣೆದುರಿಗೇ, ಮುಖ ಮೂಡುತ್ತದೆ. ಮೂಡುವುದು ತಿರುವುಮುರುವಾಗಿ: ಬಿಳಿ ಇರುವಲ್ಲಿ ಕಪ್ಪು, ಕಪ್ಪಿರುವಲ್ಲಿ ಬಿಳಿ. ಮೊದಲು ರವಿಕೆ ಬಂತು, ಆಮೇಲೆ ಕಣ್ಣಿನ ಬಿಳಿಗುಡ್ಡೆ. ಅದರ ಹಿಂದೆಯೇ ಎಡಗಣ್ಣಿನ ಕೆಳಗೆ, ಕೆನ್ನೆಯ ಮೇಲೆ, ಹುಣಸೆ ಬೀಜದಷ್ಟು ಕಪ್ಪು ಎದ್ದಿತು. ಅಕ್ಕ ಟ್ರೇ ಅಲುಗಿಸುವುದನ್ನು ನಿಲ್ಲಿಸಿದರು.

"ಗೀಚಿತೇನಕ್ಕಾ?"

"ಗೀಚಿದ್ರೆ ಗೆರೆ ಬತ್ತದೆ. ಇದು ಗೆರೆ ಅಲ್ಲ."

ಪ್ರಿಂಟಿನಲ್ಲಿ ಅದು ಬಿಳಿಚಿಕೊಂಡ ಮಚ್ಚೆಯಾಗಿ ಕಂಡಿತು. ಕನ್ನಡಿ ಹಿಡಿದು ಎಷ್ಟು ನೋಡಿದರೂ ನನ್ನ ಕೆನ್ನೆಯಲ್ಲಿ ಏನೂ ಇರಲಿಲ್ಲ. ಅಮ್ಮನೂ ನೋಡಿ, ಹಾಳೆ ಹಳೆಯದು ಬಿಡಕ್ಕ, ಇನ್ನೊಂದು ತೆಗಿ ಎಂದಳು. ಅಕ್ಕ ಫ್ರಿಜ್ಜಿನಿಂದ ದೊರಸಾನಿಯನ್ನು ತೆಗೆದಾಗ ನನಗೆ ಮೊದಲ ಸಲ ಹೆದರಿಕೆಯಾಯಿತು. ಆ ಪೆಟ್ಟಿಗೆಯನ್ನು ಅವರು ಯಾರಿಗಾಗಿಯೂ ಒಡೆದಿರಲಿಲ್ಲ. ಅದನ್ನು ಪೂರಾ ಕತ್ತಲಲ್ಲೇ ತೊಳೆಯಬೇಕು. ಹೊರಗೆ ತಂದಾಗ ಮುಖ ನುಣ್ಣಗಿತ್ತು. ಮಚ್ಚೆಯಿರಲಿಲ್ಲ.

"ನೋಡು, ಇದು ನನ್ ಮಗಳು," ಎಂದು ಅಮ್ಮ ಆ ಚಿತ್ರವನ್ನು ಎದೆಗೊತ್ತಿಕೊಂಡು ಕಟ್ಟು ಹಾಕಿಸಲು ಹೋದಳು.

ಅಕ್ಕ ಬಾಗಿಲು ಮುಂದಕ್ಕೆ ತಳ್ಳಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಹತ್ತಿಯಿಂದ ಒಂದು ಎಳೆ ಕಿತ್ತು ತುದಿಯನ್ನು ಹೊಸೆದರು. "ಕಣ್ಮುಚ್ಚು. ಮುಟ್ದಾಗೆಲ್ಲ ಹೂಂ ಅನ್ನು."

ಹಣೆಗೆ ಮುಟ್ಟಿದರು, ಹೂಂ ಎಂದೆ. ಬಲಗೆನ್ನೆಗೆ, ಹೂಂ. ಗಲ್ಲಕ್ಕೆ, ಹೂಂ. ಆಮೇಲೆ ಸುಮ್ಮನಾದರು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ನಾನು ಕಾದೆ.

"ಯಾಕಕ್ಕಾ ನಿಲ್ಲಿಸ್ಬಿಟ್ರಿ?"

"ನಿಲ್ಸಿಲ್ಲ ಕಣಮ್ಮ."

ಅವರು ಇದೇ ಮಾತು ಅಂದರೋ, ವರ್ಷಗಳ ಮೇಲೆ ನಾನೇ ಇದನ್ನು ಹೀಗೆ ತಿದ್ದಿಕೊಂಡೆನೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಮಾತು ಬೇರೆಯಿದ್ದರೂ ಇರಬಹುದು. ಎಡಗೆನ್ನೆಗೆ ಹತ್ತಿ ತಾಕಿದ್ದು ನನಗೆ ಗೊತ್ತಾಗದೆ ಹೋದದ್ದು ಮಾತ್ರ ನಿಜ.

"ದೊರಸಾನಿ ಮಾತು ಕೇಳ್ಬೇಡ," ಎಂದರು ಅಕ್ಕ. "ನಮ್ಮೋಳು ಇರೋದನ್ನ ಕಪ್ಪು ಮಾಡ್ತಾಳೆ, ನಿಜ. ಆದ್ರೆ ಇಲ್ದಿರೋ ಬಿಳುಪನ್ನ ಎಲ್ಲಿಂದ ತರ‍್ತಾಳೆ? ಆಸ್ಪತ್ರೇಲಿ ಇಂಥಾ ಮಚ್ಚೆ ನೋಡಿದೀನಿ. ಕುಷ್ಠ ಇರಬೌದು. ಈಗ್ಲೇ ಹಿಡಿದ್ರೆ ಮಾತ್ರೇಲಿ ಹೋಯ್ತದೆ. ಬಿಟ್ರೆ ಕಣ್ಣಿನ ರೆಪ್ಪೆ ಮುಚ್ಚಾಕಿಲ್ಲ." ನನ್ನ ಕೈ ಹಿಡಿದರು. "ಇಲ್ಲಿ ಬೇಡ. ಇಲ್ಲಿ ಆಸ್ಪತ್ರೆ ಮೆಟ್ಲು ಹತ್ತೋದ್ರೊಳ್ಗೆ ಬೀದಿಗೆಲ್ಲ ಗೊತ್ತಾಯ್ತದೆ. ಕಲ್ಯಾಣದುರ್ಗಕ್ಕೆ ಹೋಗಾನ. ನಮ್ಮಣ್ಣನ ಮನೆಗೆ ಅಂದ್ರಾಯ್ತು. ಏಮೀ ಕಾದಮ್ಮ, ಏನೂ ಆಗಾಕಿಲ್ಲ, ಭಯ ಬೇಡ."

ಕಲ್ಯಾಣದುರ್ಗದ ಡಾಕ್ಟರು ಕೆನ್ನೆಯ ಚರ್ಮದ ಚೂರೊಂದನ್ನು ತೆಗೆದು, ಪಟ್ಟಿ ಹಾಕಿ, ಚೂರನ್ನು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಕೇಳಲು ಎರಡನೇ ಸಲ ಹೋದಾಗ ಅಕ್ಕ ಹೇಳಿದ್ದೇ ನಿಜವಾಗಿತ್ತು. ಕಣ್ಣಿನ ನರಕ್ಕೆ ಇನ್ನೂ ಏನೂ ಆಗಿಲ್ಲ, ಸರಿಯಾದ ಹೊತ್ತಿಗೆ ಬಂದಿರಿ ಎಂದರು. ಅವತ್ತೇ ಬಸ್ಸಿನಲ್ಲಿ ಹಿಂದಿರುಗಿದೆವು. ಮಾತ್ರೆಯ ಪೊಟ್ಟಣ ಅಕ್ಕನ ಚೀಲದಲ್ಲಿತ್ತು.

ನಮ್ಮ ಬೀದಿಯ ತಿರುವಿನಲ್ಲೇ ಅಮ್ಮ ನಿಂತಿದ್ದಳು. ಕೈಯಲ್ಲಿ ಮಚ್ಚೆಯಿದ್ದ ಆ ಮೊದಲ ಪ್ರಿಂಟು. ಅಕ್ಕ ನನ್ನನ್ನು ಎರಡೆರಡು ಸಲ ಊರಿಂದಾಚೆ ಕರೆದೊಯ್ಯುತ್ತಿದ್ದುದು, ನನ್ನ ಕೆನ್ನೆಯ ಮೇಲಿನ ಪಟ್ಟಿ, ಎಲ್ಲ ಸೇರಿ ಅವಳಿಗೆ ಏನೋ ಹೊಳೆದಿತ್ತು; ಏನೆಂದು ಪೂರ್ತಿ ಗೊತ್ತಿರಲಿಲ್ಲ.

"ನಿನ್ ಕ್ಯಾಮೆರಾ ಮನೆ ಹಾಳಾಗ! ನನ್ ಮಗಳ ಮುಖಕ್ಕೆ ಎಂಥಾ ಮಚ್ಚೆ ಅಂಟಿಸ್ಬುಟ್ಟೆ ನೀನು?"

ಬಾಗಿಲುಗಳು ತೆರೆದವು. ಎದುರು ಮನೆಯಾಕೆ ಕೈ ಒರೆಸಿಕೊಳ್ಳುತ್ತಾ ಅಮ್ಮನ ಬಳಿ ಬಂದು, "ಏನ್ ವದಿನಾ, ಎಂಥಾ ಮಚ್ಚೆ? ಹೇಳಿ, ತೋರ‍್ಸಿ," ಎಂದು ಪ್ರಿಂಟಿಗೆ ಕೈ ಚಾಚಿದಳು.

ಅಕ್ಕ ಒಂದೇ ಮಾತು ಹೇಳಿದ್ದರೆ ಅವರ ಫಿಲ್ಮು ಗೆಲ್ಲುತ್ತಿತ್ತು. ಬೀದಿಯೆಲ್ಲ ಹೆದರಿದ, ನಕ್ಕ, ಬೈದ ಆ ಹಾಳೆ ಡಾಕ್ಟರಿಗಿಂತ ಮೊದಲೇ ಕಾಯಿಲೆ ಹಿಡಿದಿತ್ತು. ಅವರ ಬಾಯಿ ತೆರೆದುಕೊಂಡದ್ದನ್ನು ನಾನು ನೋಡಿದೆ. ನಂತರ ಅವರು ಅಮ್ಮನ ಕೈಯಿಂದ ಪ್ರಿಂಟನ್ನು ಕಸಿದು, ನಾಲ್ಕು ಚೂರು ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಮಚ್ಚೆ ಹುಡುಗೀದಲ್ಲ, ಫಿಲ್ಮಿಂದು. ಕೆಟ್ಟೋಗಿತ್ತು, ಹೇಳಾಕೆ ನಾಚ್ಕೆ ಆಯ್ತು. ಬಸ್ಸಿನ ಕಿಟಕಿ ತಗುಲಿ ಕೆನ್ನೆಗೆ ಗಾಯ ಆಗೈತೆ ಅಷ್ಟೆ. ತಪ್ಪಾಯ್ತು ಕಣಮ್ಮ. ಇನ್ಮೇಲೆ ಆ ಫಿಲ್ಮಲ್ಲಿ ಯಾರ‍್ದೂ ತೆಗ್ಯಾಕಿಲ್ಲ."

"ನಾನು ಅವತ್ತೇ ಹೇಳ್ಲಿಲ್ವಾ," ಎಂದಳು ಎದುರು ಮನೆಯಾಕೆ, ಯಾರಿಗೋ.

ಮನೆಯೊಳಗೆ ಬಾಗಿಲು ಹಾಕಿಕೊಂಡ ಮೇಲೆ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಅಕ್ಕನ ಮನೆಗೆ ಹಿತ್ತಲಿನಿಂದ ಹೋಗಿ ಅತ್ತು ಬಂದಳು. ಮುಂಬಾಗಿಲಿನಿಂದ ಹೋಗಿದ್ದರೆ ಜನ ಯಾಕೆಂದು ಕೇಳುತ್ತಿದ್ದರು. ಅಕ್ಕ ಮಾತಿಗೆ ತಪ್ಪಲಿಲ್ಲ. ಫಿಲ್ಮಿನ ಪೆಟ್ಟಿಗೆಗಳನ್ನು ಹಳೇ ಎಕ್ಸ್‌ರೇ ಸುಟ್ಟು ಬೆಳ್ಳಿ ತೆಗೆಯುವವನಿಗೆ ಕೊಟ್ಟುಬಿಟ್ಟರು. ಮಾತ್ರೆ ಮುಗಿದು ನನ್ನ ಕೆನ್ನೆ ಸರಿಹೋದ ಮೇಲೆ, ಈಗಲಾದರೂ ನಿಜ ಹೇಳೋಣ ಎಂದೆ. "ಸುಮ್ಕಿರು. ಆ ಫಿಲ್ಮು ಒಳ್ಳೇದು ಅಂದ್ರೆ ಜನಕ್ಕೆ ನಿನ್ ಮುಖ ನೆಪ್ಪಾಯ್ತದೆ," ಎಂದರು. ಮುಂದೆ ಅವರ ಮನೆಗೆ ಫೋಟೋಗೆಂದು ಯಾರೂ ಬರಲಿಲ್ಲ. ಸ್ವಲ್ಪ ಕಾಲ ಕಳೆದು ಕಲ್ಯಾಣದುರ್ಗಕ್ಕೆ, ಅಣ್ಣನ ಮನೆಗೆ ಹೋದರು. ಹೋದ ವರ್ಷ ಅಲ್ಲೇ, ನಿದ್ದೆಯಲ್ಲೇ, ತೀರಿಕೊಂಡರು.

ತಿಥಿ ಊಟಕ್ಕೆ ನಾನು ಹೋಗಿದ್ದೆ. ಎಲೆಗಳ ಸಾಲಿನ ನಡುವೆ ಅವರಣ್ಣ ಒಬ್ಬಟ್ಟು ಬಡಿಸುತ್ತಾ, ತಂಗಿಯ ಬಗ್ಗೆ ಪ್ರೀತಿಯಿಂದಲೇ ಹೇಳಿದರು: "ನಮ್ಮಪ್ಪನ ಕ್ಯಾಮೆರಾಗೆ ಆ ದರಿದ್ರ ಫಿಲ್ಮು ಹಾಕಿ ಹೆಸರು ಕೆಡಿಸ್ಕೊಂಡ್ಲು. ಕೊನೆಗೆ ಅವಳೇ ಒಪ್ಕೊಂಡ್ಲು, ಕೆಟ್ಟಿತ್ತು ಅಂತ."

ಜನ ಹೌದೌದು ಎಂದು ತಲೆಯಾಡಿಸಿದರು.

"ಫಿಲ್ಮು ಕೆಟ್ಟಿರಲಿಲ್ಲ ಅಣ್ಣ," ಎಂದೆ. ನನ್ನ ದನಿ ಇಷ್ಟು ದೊಡ್ಡದಾಗಿ ಬರುತ್ತದೆಂದು ಎಣಿಸಿರಲಿಲ್ಲ. "ನನ್ನ ಕೆನ್ನೆ ಮೇಲೆ ಕುಷ್ಠ ಇತ್ತು. ಯಾರಿಗೂ ಕಾಣದೆ ಇದ್ದಾಗ ಅಕ್ಕನ ಫಿಲ್ಮಿಗೆ ಕಂಡಿತು. ನನ್ನ ಹೆಸರು ಉಳಿಸೋಕೆ ಸುಳ್ಳು ಹೇಳಿದ್ರು."

ಒಬ್ಬಟ್ಟಿನ ತಟ್ಟೆ ಅವರ ಕೈಯಲ್ಲೇ ನಿಂತಿತು. ನನ್ನ ಎಡಕ್ಕೆ ಕೂತಿದ್ದ ಹೆಂಗಸು, ಅದುವರೆಗೆ ನನ್ನ ಕೆಲಸ, ಊರು ಎಲ್ಲ ವಿಚಾರಿಸುತ್ತಿದ್ದವಳು, ತನ್ನ ಎಲೆಯನ್ನು ಎರಡೂ ಕೈಯಿಂದ ಹಿಡಿದು ಒಂದು ಗೇಣು ಆಚೆಗೆ ಎಳೆದುಕೊಂಡಳು. ನಾನು ಅನ್ನಕ್ಕೆ ಸಾರು ಕಲಸಿಕೊಂಡು ಉಣ್ಣತೊಡಗಿದೆ.